ಪ್ರಿಂಟರುಗಳ ನೀರುಗಂಟಿ

ಈ ಲೋಕದಲ್ಲಿ ಹುಟ್ಟಿದ್ದೆಲ್ಲ ಒಂದು ದಿನ ಅಳಿಯಲೇಬೇಕು, ಯಾವುದೂ ಶಾಶ್ವತವಲ್ಲ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ನಮ್ಮ ಆಡಳಿತ ಕಚೇರಿಯ ಎರಡನೇ ಮಹಡಿಯಲ್ಲಿದ್ದ ಪ್ರಿಂಟರನ್ನು ನೋಡಿರಲಿಲ್ಲ.

ನಾನು ಆ ಕಚೇರಿಗೆ ಸೂಪರಿಂಟೆಂಡೆಂಟ್ ಆಗಿ ಬಂದಾಗಲೇ ಅದು ಸಾಯುತ್ತಿತ್ತು. ನನ್ನ ಸೇವಾವಧಿಯ ಬಹುಪಾಲು ಅದು ಸಾಯುತ್ತಲೇ ಇತ್ತು. ಎಡಗೆನ್ನೆಗೆ ಒಂದು ಏಟು ಕೊಟ್ಟು, ಹಿಂದಿನ ಮುಚ್ಚಳವನ್ನು ಅರ್ಧ ಎತ್ತಿ, ಸಂದಿಗೆ ಬೆಂಕಿಪೊಟ್ಟಣವೊಂದನ್ನು ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ಭಕ್ತಿಯಿಂದ ನಿಂತರೆ ಹಾಳೆಯೊಂದು ಹೊರಗೆ ಬರುತ್ತಿತ್ತು. ಅದರ ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ. ನಮ್ಮ ಸಂಸ್ಥೆಯ ಪತ್ರಗಳನ್ನು ಊರಿನ ಜನ ಆ ಗೆರೆಯಿಂದಲೇ ಗುರುತಿಸುತ್ತಿದ್ದರು. ಒಂದು ಸಲ ಗೆರೆಯಿಲ್ಲದ ಪತ್ರ ಹೋದಾಗ ಬ್ಯಾಂಕಿನವರು ಫೋನ್ ಮಾಡಿ, ಇದು ನಿಜವಾಗಿ ನಿಮ್ಮದೇನಾ ಎಂದು ವಿಚಾರಿಸಿದರು.

ಆ ಪ್ರಿಂಟರಿಗೆ ಮೋಕ್ಷ ಕಾಣಿಸಿದವರು ಕಳೆದ ತಿಂಗಳು ಕೆಲಸದಿಂದ ಬಿಡುಗಡೆಯಾದರೆಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದರು. ಅಂದಿನಿಂದ ಅವರ ನೆನಪು ಬಿಡದೆ ಕಾಡುತ್ತಿದೆ. ಅವರ ಹೆಸರು ಬರೆಯುವುದಿಲ್ಲ. ನಾನು ತಪ್ಪಿಲ್ಲದೆ ಬರೆಯುವವನಲ್ಲ, ಅವರು ತಪ್ಪು ಹುಡುಕಿ ಫೋನ್ ಮಾಡದೆ ಬಿಡುವವರಲ್ಲ. ಕಚೇರಿಯಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಇರಲಿ.

ನಮ್ಮದು ಒಂದು ವಿದ್ಯಾಸಂಸ್ಥೆ. ಚಿಕ್ಕಬಳ್ಳಾಪುರದಲ್ಲಿ ಆಡಳಿತ ಕಚೇರಿ ಮತ್ತು ಒಂದು ಕಾಲೇಜು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಒಂದೊಂದು ಕಾಲೇಜು. ಮೇಡಂ ಬರುವುದಕ್ಕೆ ಮುಂಚೆ ಈ ನಾಲ್ಕೂ ಊರುಗಳಲ್ಲಿ ಪ್ರಿಂಟರ್ ಎಂಬುದು ಹಾಳೆ ಮುದ್ರಿಸುವ ಸಾಧನವಾಗಿರಲಿಲ್ಲ, ಪದವಿಯಾಗಿತ್ತು. ಹಿಂದಿನ ಕಾಲದಲ್ಲಿ ಮೇಜಿನ ಮೇಲಿನ ಗಂಟೆಗೂ ಕುರ್ಚಿಯ ಮೇಲಿನ ಟರ್ಕಿ ಟವೆಲ್ಲಿಗೂ ಇದ್ದ ಸ್ಥಾನ ಅದಕ್ಕೆ ಬಂದಿತ್ತು. ಬಡ್ತಿ ಸಿಕ್ಕವರು ಮೊದಲು ಕೇಳುತ್ತಿದ್ದದ್ದು ಸ್ವಂತ ಪ್ರಿಂಟರನ್ನು. ಕಂಪ್ಯೂಟರ್ ಆನ್ ಮಾಡಲು ಬಾರದ ಪ್ರಾಂಶುಪಾಲರೊಬ್ಬರ ಕೋಣೆಯಲ್ಲಿ ಎರಡಿದ್ದವು.

ಇವನ್ನೆಲ್ಲ ತೆಗೆದು, ಮಹಡಿಗೊಂದರಂತೆ ದೊಡ್ಡ ಯಂತ್ರ ಇಟ್ಟು, ಎಲ್ಲ ಕಂಪ್ಯೂಟರುಗಳನ್ನೂ ಅದಕ್ಕೆ ಜೋಡಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಆ ಕೆಲಸಕ್ಕೆ ವರ್ಷದ ಗುತ್ತಿಗೆಯ ಮೇಲೆ ಮೇಡಂ ಬಂದರು. ಎಂಸಿಎ ಓದಿದವರು. ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಇದೇ ಕೆಲಸ ಮಾಡಿ ಬಂದಿದ್ದರು. ತಮಗೆ ಕೆಲಸ ಗೊತ್ತು ಎಂಬುದನ್ನು ಮುಚ್ಚಿಡುವ ಸೌಜನ್ಯ ಅವರಲ್ಲಿ ಕಿಂಚಿತ್ತೂ ಇರಲಿಲ್ಲ.

ಬಂದ ಮೊದಲ ವಾರ ಯಾವ ಪ್ರಿಂಟರನ್ನೂ ಮುಟ್ಟಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟಾರ್ಚು ಹಿಡಿದು, ಬೀರುಗಳ ಹಿಂದೆ ಗೋಡೆಗುಂಟ ತಿರುಗಿದರು. ನನ್ನ ಬೀರುವಿನ ಹಿಂದಿನಿಂದ ಅವರು ಹೊರಗೆ ಬಂದಾಗ ತಲೆಯ ಮೇಲೆ ಜೇಡರಬಲೆ ಇತ್ತು.

"ಏನಮ್ಮ ಹುಡುಕ್ತಿದೀರ?" ಎಂದೆ.

"ಕಾಲುವೆ ಎಲ್ಲೆಲ್ಲಿ ಹೋಗೈತೆ ಅಂತ ನೋಡ್ತಿದೀನಿ ಸರ್. ಇಲ್ಲೊಂದು ಕಡೆ ಒಡೆದೈತೆ ನೋಡಿ." ಇಲಿ ಕಡಿದ ತಂತಿಯನ್ನು ಎತ್ತಿ ತೋರಿಸಿದರು. "ನಮ್ಮಪ್ಪ ಕೆರೆ ಕಟ್ಟೇಲಿ ಏಡಿ ಬಿಲ ಮುಚ್ಚಿಕೊಂಡು ತಿರುಗ್ತಿದ್ದ. ನನಗೆ ಇಲಿ ಗಂಟುಬಿದ್ದೈತೆ."

ಅವರ ತಂದೆ ನೀರುಗಂಟಿ. ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ ಕೆರೆಯ ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ನಿರ್ಧರಿಸಿ ಬಿಡುತ್ತಿದ್ದವರು. ನಮ್ಮ ಸೀಮೆಯಲ್ಲಿ ಆ ಕೆಲಸ ತಲೆತಲಾಂತರದಿಂದ ಕೇರಿಯ ಮನೆತನಗಳದ್ದು. ಗದ್ದೆಗಳು ಊರಿನವರವು, ನೀರಿನ ಕೀಲಿ ಮಾತ್ರ ಕೇರಿಯವರ ಕೈಯಲ್ಲಿ. ಮೇಡಂ ಇದನ್ನು ಅಳುಕಿನಿಂದಲೂ ಹೇಳಲಿಲ್ಲ, ಎದೆ ತಟ್ಟಿಯೂ ಹೇಳಲಿಲ್ಲ. ವೈದ್ಯರ ಮಗಳೊಬ್ಬಳು ನಮ್ಮಪ್ಪ ವೈದ್ಯರು ಎಂದು ಹೇಳುವಂತೆ ಹೇಳಿ, ಟಾರ್ಚು ಹಿಡಿದು ಮುಂದಿನ ಬೀರುವಿಗೆ ಹೋದರು.

ಎರಡನೇ ವಾರ ವಶಪಡಿಸಿಕೊಳ್ಳುವ ಕಾರ್ಯ ಆರಂಭವಾಯಿತು. ಆ ದಿನಗಳಲ್ಲಿ ಕಚೇರಿಯ ವಾತಾವರಣ ಸಾವಿನ ಮನೆಯಂತಿತ್ತು. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ತಮ್ಮ ಪ್ರಿಂಟರಿಗೆ ಹೆಂಡತಿಯ ಕೈಯಿಂದ ಕ್ರೋಶ ಕಸೂತಿಯ ಹೊದಿಕೆ ಮಾಡಿಸಿದ್ದರು. ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಳ್ಳುತ್ತ ಕೇಳಿದರು.

"ಇದು ಹೋದ್ರೆ ನನ್ನ ಮೇಜಿನ ಮೇಲೆ ಏನಮ್ಮ ಇರುತ್ತೆ?"

"ಜಾಗ ಇರುತ್ತೆ ಸರ್."

ಆದರೆ ಮೇಡಂಗೆ ಹೃದಯ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಇತ್ತು, ಯಂತ್ರಗಳ ಪಾಲಿಗೆ. ಪ್ರತಿ ಹಳೆಯ ಪ್ರಿಂಟರನ್ನು ಬಿಚ್ಚುವ ಮುಂಚೆ ಅದರ ಒಂದು ಗುಂಡಿಯನ್ನು ಒತ್ತಿ ಹಿಡಿಯುತ್ತಿದ್ದರು. ಆಗ ಅದು ಹುಟ್ಟಿದಂದಿನಿಂದ ಒಟ್ಟು ಎಷ್ಟು ಹಾಳೆ ಮುದ್ರಿಸಿದೆ ಎಂಬ ಲೆಕ್ಕವನ್ನು ತಾನೇ ಒಂದು ಹಾಳೆಯ ಮೇಲೆ ಮುದ್ರಿಸಿ ಕೊಡುತ್ತಿತ್ತು. ಮೇಡಂ ಅದನ್ನು ಓದಿ, "ಪಾಪ, ಚೆನ್ನಾಗಿ ದುಡಿದೈತೆ," ಎಂದೋ, "ಇದು ಬರೀ ಕೂತು ತಿಂದೈತೆ," ಎಂದೋ ಹೇಳಿ, ಆಮೇಲೆ ತಂತಿ ಕಿತ್ತು ಮುಚ್ಚಳ ಮುಚ್ಚುತ್ತಿದ್ದರು. ಎರಡನೇ ಮಹಡಿಯ ಚಿರಂಜೀವಿಯ ಸರದಿ ಬಂದಾಗ ಬಂದ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅದರ ಮೇಲೂ ಕಪ್ಪು ಗೆರೆ ಇತ್ತು. ಯಂತ್ರದ ಎಡಗೆನ್ನೆಯನ್ನು ಒಮ್ಮೆ ಸವರಿದರು. ಅಷ್ಟು ವರ್ಷ ಅಲ್ಲಿಗೇ ಹೊಡೆದಿದ್ದ ನಾವೆಲ್ಲ ಬೇರೆ ಕಡೆ ನೋಡಿದೆವು. ನನ್ನ ಸ್ವಂತ ಬೀಳ್ಕೊಡುಗೆಯ ದಿನ ಯಾರೂ ನನ್ನ ಸೇವೆಯನ್ನು ಅಷ್ಟು ಗಮನವಿಟ್ಟು ಓದಲಿಲ್ಲವೆಂಬುದನ್ನು ದಾಖಲೆಗಾಗಿ ಇಲ್ಲಿ ಸೇರಿಸುತ್ತೇನೆ.

ಹೊಸ ಯಂತ್ರಗಳು ಬಂದ ಮೇಲೆ ಅವರು ಮಾಡಿದ ವ್ಯವಸ್ಥೆಯನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲರ ಕಂಪ್ಯೂಟರಿನಿಂದ ಹೊರಟ ಹಾಳೆಗಳು ನೇರವಾಗಿ ಪ್ರಿಂಟರಿಗೆ ಹೋಗುವುದಿಲ್ಲ. ಮೊದಲು ಸರ್ವರ್ ಎಂಬ ಪೆಟ್ಟಿಗೆಗೆ ಹೋಗಿ, ಅಲ್ಲಿ ಬಂದ ಕ್ರಮದಲ್ಲಿ ಸಾಲಾಗಿ ನಿಂತು, ಸರದಿ ಬಂದಾಗ ಪ್ರಿಂಟರಿಗೆ ಇಳಿಯುತ್ತವೆ. ಆ ಪೆಟ್ಟಿಗೆಗೆ ಮೇಡಂ ಇಟ್ಟ ಹೆಸರು ತೂಬು. ಮೇಲಿನ ಮಹಡಿಯ ದೊಡ್ಡ ಬಣ್ಣದ ಯಂತ್ರ ಹಿರಿಕೆರೆ, ಅದರ ಕೆಳಗಿನ ಮಹಡಿಯದು ನಡುಕೆರೆ, ನೆಲಮಹಡಿಯದು ಕುಂಟೆ. ಹೆಸರು ಬರೀ ಚಂದಕ್ಕಲ್ಲ. ನಮ್ಮ ಕಡೆ ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದಲ್ಲ, ಹಾಗೆಯೇ ಹಿರಿಕೆರೆ ಕೈಕೊಟ್ಟರೆ ಅದರ ಕಪ್ಪುಬಿಳುಪು ಕೆಲಸಗಳೆಲ್ಲ ತಾವಾಗಿ ನಡುಕೆರೆಗೆ ಇಳಿಯುವಂತೆ ಮಾಡಿದ್ದರು. ಪಿಂಚಣಿ ಹತ್ತಿರವಾಗಿದ್ದ ಗುಮಾಸ್ತರೂ ಇದನ್ನು ಒಂದೇ ದಿನದಲ್ಲಿ ಕಲಿತರು. ತರಬೇತಿಯೆಂದು ಬೆಂಗಳೂರಿನಿಂದ ಬಂದಿದ್ದವನು ಎರಡು ದಿನ ಪರದೆಯ ಮೇಲೆ ಬಾಣ ಬಿಟ್ಟರೂ ತಲೆಗೆ ಹತ್ತದ ವಿಷಯ, "ಹಿರಿಕೆರೆ ಕೋಡಿ ಬಿತ್ತಂತೆ, ನಡುಕೆರೆಗೆ ಹೋಗಿ ತಗೊಳ್ರಪ್ಪ" ಎಂದು ಅಟೆಂಡರ್ ಕೂಗಿದಾಗ ಎಲ್ಲರಿಗೂ ಅರ್ಥವಾಯಿತು.

ಮೊದಮೊದಲು ಅನಾಹುತಗಳೂ ಆದವು. ಹಾಳೆ ಬರುವುದು ತಡವಾದರೆ ನಮ್ಮವರು ಮತ್ತೆ ಮತ್ತೆ ಪ್ರಿಂಟ್ ಒತ್ತುತ್ತಿದ್ದರು, ಜವಾನ ಬರಲಿಲ್ಲವೆಂದು ಗಂಟೆಯನ್ನು ಮತ್ತೆ ಮತ್ತೆ ಒತ್ತಿದ ಹಾಗೆ. ಒತ್ತಿದಷ್ಟೂ ಸಲ ಹಾಳೆ ಬಂದೇ ಬರುತ್ತಿತ್ತು. ಒಂದು ದಿನ ರಜೆಯ ಸುತ್ತೋಲೆಯೊಂದು ಕಚೇರಿಯ ಸಿಬ್ಬಂದಿಗಿಂತ ಹೆಚ್ಚು ಸಂಖ್ಯೆಯಲ್ಲಿ ಹೊರಬಂದು, ಉಳಿದದ್ದನ್ನು ಬೀದಿಯ ಬಜ್ಜಿಯಂಗಡಿಯವನಿಗೆ ಕೊಡಬೇಕಾಯಿತು. ಆ ವಾರ ಬಜ್ಜಿ ತಿಂದವರಿಗೆಲ್ಲ ನಮ್ಮ ರಜೆಗಳು ಬಾಯಿಪಾಠವಾದವು.

ಆಯುಧಪೂಜೆಯ ದಿನ ಮೇಡಂ ಹಾಜರಿದ್ದು ಕಾವಲು ಕಾಯುತ್ತಿದ್ದರು. ಅವರ ಮನೆಯವರು ಬೌದ್ಧರು. ಸರ್ವರ್ ಕೋಣೆಯ ಕಿಟಕಿಯಲ್ಲಿ ಅಂಗೈಯಗಲದ ಬುದ್ಧ ಒಬ್ಬನಿದ್ದ. ಆದರೂ ನಮ್ಮ ಪೂಜೆಗೆ ಅವರ ಅಡ್ಡಿಯಿರಲಿಲ್ಲ, ವ್ಯಾಪ್ತಿಯ ಬಗ್ಗೆ ಮಾತ್ರ ತಕರಾರಿತ್ತು. ಅಟೆಂಡರ್ ಕುಂಕುಮದ ಬಟ್ಟಲು ಹಿಡಿದು ಯಂತ್ರದ ಮುಂಬಾಗಿಲು ತೆರೆಯಲು ಹೋದರೆ ತಡೆದು, "ಮೇಲ್ಗಡೆ ಮುಚ್ಚಳಕ್ಕೆ ಹಚ್ಚಣ್ಣ. ಒಳಗಡೆ ದೇವ್ರಿಲ್ಲ, ಅಚ್ಚೊತ್ತೋ ಡ್ರಮ್ ಐತೆ," ಎನ್ನುತ್ತಿದ್ದರು. ಹಿಂದೊಂದು ವರ್ಷ ಒಳಗೂ ಹಚ್ಚಿ, ತಿಂಗಳುಗಟ್ಟಲೆ ನಮ್ಮ ಅಂಕಪಟ್ಟಿಗಳೆಲ್ಲ ಮುತ್ತೈದೆಯರಂತೆ ಹಣೆಗೆಂಪಾಗಿ ಬಂದದ್ದು ನನಗೆ ನೆನಪಿದೆ.

ಯಂತ್ರ ಮೊಂಡು ಹಿಡಿದಾಗ ಅವರು ಅದರ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. "ಏಂ ತಲ್ಲೀ, ಅಲಿಗಿನಾವಾ?" ಏನು ತಾಯಿ, ಮುನಿಸಿಕೊಂಡೆಯಾ, ಎಂದು. ಮನುಷ್ಯರ ಜೊತೆ ಅಷ್ಟು ಮೆದುವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಯಾಕಮ್ಮ ತೆಲುಗು ಎಂದರೆ, "ಕನ್ನಡದಲ್ಲಿ ಕೇಳಿದ್ರೆ ಆಫೀಸಿನವರು ಅಂದ್ಕೊಂಡು ಕೆಲಸ ನಿಲ್ಲಿಸ್ತಾವೆ ಸರ್," ಎಂದರು.

ಇಷ್ಟೆಲ್ಲ ಹೇಳಿದರೂ ಅವರ ಮುಂದೆ ನನಗೆ ಹುಟ್ಟುತ್ತಿದ್ದ ಭಾವ ಏನೆಂದು ಹೇಳಿದಂತಾಗಲಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಸರ್ವರಿನ ಪರದೆಯ ಮೇಲೆ ಪ್ರತಿಯೊಬ್ಬರೂ ಏನು ಮುದ್ರಿಸುತ್ತಿದ್ದಾರೆಂಬುದು ಹೆಸರು ಸಮೇತ ಕಾಣುತ್ತದೆ. ಯಾರು ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ, ಯಾರ ಮಗಳ ಜಾತಕ ಯಾವ ಊರಿಗೆ ಹೋಗುತ್ತಿದೆ, ಯಾರು ಯಾರ ಮೇಲೆ ಮೂಗರ್ಜಿ ಬರೆಯುತ್ತಿದ್ದಾರೆ, ಸಂಸ್ಥೆಯ ಹಾಳೆಯಲ್ಲಿ ಯಾರ ಮನೆಯ ಸತ್ಯನಾರಾಯಣ ಪೂಜೆಯ ಆಹ್ವಾನ ಅಚ್ಚಾಗುತ್ತಿದೆ, ಎಲ್ಲ ಅವರಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದವರು ನಮ್ಮಲ್ಲಿ ಬೇರೆ ಯಾರಾದರೂ ಆಗಿದ್ದರೆ ಆರು ತಿಂಗಳಲ್ಲಿ ಸಂಸ್ಥೆಯ ಅಧ್ಯಕ್ಷರಾಗಿರುತ್ತಿದ್ದರು. ನಾನೊಮ್ಮೆ ಮೆಲ್ಲಗೆ ಕೆದಕಿ ನೋಡಿದೆ.

"ಕಾಲುವೇಲಿ ಏನು ತೇಲಿ ಬಂತು ಅಂತ ನೀರುಗಂಟಿ ಹೇಳಂಗಿಲ್ಲ ಸರ್," ಎಂದರು. "ಹೇಳಿದ್ರೆ ಜನ ಅವನ ಕಡೆ ನೋಡ್ತಾರೆ, ನೀರಿನ ಕಡೆ ನೋಡಲ್ಲ."

ಇನ್ನೊಂದು ದಿನ, ಟೀ ಕುಡಿಯುವಾಗ, ಕೇಳದೆಯೇ ತಂದೆಯ ವಿಷಯ ಹೇಳಿದರು. ಅವರಿಗೂ ಕೆರೆಯ ಬಯಲಿನ ಕಟ್ಟಕಡೆಯಲ್ಲಿ ಒಂದು ತುಂಡು ಗದ್ದೆ ಇತ್ತಂತೆ. ಒಂದು ವರ್ಷ ಕೆರೆಯಲ್ಲಿ ನೀರು ಕಮ್ಮಿಯಾಯಿತು. ತೂಬು ಅಪ್ಪನ ಕೈಯಲ್ಲೇ ಇತ್ತು. ಆ ಗದ್ದೆಯ ಸರದಿ ಬರುವಷ್ಟರಲ್ಲಿ ಕೆರೆ ಬತ್ತಿತು, ಪೈರು ಒಣಗಿತು.

"ಮನೇಲಿ ಏನೂ ಅನ್ನಲಿಲ್ವ?" ಎಂದೆ.

"ನಮ್ಮಮ್ಮ ಅಂದ್ಲು. ಇವತ್ತಿಗೂ ಅಂತಾಳೆ." ಲೋಟ ಕೆಳಗಿಟ್ಟು ಎದ್ದರು.

ಈಗ ನಮ್ಮ ಕಾರ್ಯದರ್ಶಿಗಳ ವಿಷಯಕ್ಕೆ ಬರಬೇಕು. ಅವರು ಕೆಟ್ಟವರಲ್ಲ. ಹೆಣ್ಣುಮಕ್ಕಳ ಹಾಸ್ಟೆಲು ಕಟ್ಟಿಸಿದವರು, ಸಿಬ್ಬಂದಿಯ ಮನೆಯ ಮದುವೆಗಳಿಗೆ ತಪ್ಪದೆ ಬಂದು ಕೊನೆಯ ಪಂಕ್ತಿಯಲ್ಲೂ ಊಟ ಮಾಡುತ್ತಿದ್ದವರು. ಅವರದ್ದೂ ಮೇಡಂ ಅವರ ಊರೇ. ಕೆರೆಯ ತೂಬಿನ ಬಾಯಿಗೇ ಹತ್ತಿದ ಗದ್ದೆಗಳು ಅವರ ಮನೆತನದವು. "ಕೆರೆ ಪಕ್ಕದ ಗದ್ದೆಯವರಿಗೆ ದಿನಾ ಎದ್ದರೆ ಕೆರೆ ಕಾಣುತ್ತೆ. ಅದಕ್ಕೆ ಅದು ತಮ್ಮದೇ ಅಂದ್ಕೊಂಡಿರ್ತಾರೆ," ಎಂದು ಮೇಡಂ ಒಮ್ಮೆ ಹೇಳಿದ್ದರು. ಕಾರ್ಯದರ್ಶಿಗಳ ಕೋಣೆ ಹಿರಿಕೆರೆಯ ಎದುರಿಗೇ ಇತ್ತು.

ಸರ್ವರಿನಲ್ಲಿ ಒಂದು ಏರ್ಪಾಡಿದೆ. ಯಾರ ಕೆಲಸ ಮೊದಲು ಇಳಿಯಬೇಕೆಂದು ಒಂದರಿಂದ ತೊಂಬತ್ತೊಂಬತ್ತರವರೆಗೆ ಅಂಕ ಕೊಡಬಹುದು. ಹೆಚ್ಚು ಅಂಕದವರದ್ದು ಸಾಲು ತಪ್ಪಿಸಿ ಮುಂದೆ ಬರುತ್ತದೆ. ಮೇಡಂ ಅಧ್ಯಕ್ಷರಿಂದ ಹಿಡಿದು ಕಾವಲುಗಾರರ ಹಾಜರಿ ಪಟ್ಟಿಯವರೆಗೆ ಎಲ್ಲಕ್ಕೂ ಒಂದೇ ಅಂಕ ಕೊಟ್ಟಿದ್ದರು: ಒಂದು. ಈ ತೊಂಬತ್ತೊಂಬತ್ತರ ಸಮಾಚಾರ ಅದು ಹೇಗೋ ಕಾರ್ಯದರ್ಶಿಗಳ ಕಿವಿಗೆ ಬಿತ್ತು. ಮೇಡಂರನ್ನು ಕರೆಸಿದರು. ನಾನೂ ಕಡತ ಹಿಡಿದು ಅಲ್ಲೇ ನಿಂತಿದ್ದೆ.

"ಏನಮ್ಮ, ನಂಗೆ ಒಂದಂತೆ?"

"ಹೌದು ಸರ್. ಎಲ್ಲರಿಗೂ ಒಂದೇ."

"ತೊಂಬತ್ತೊಂಬತ್ತು ಹಾಕು."

"ಹಾಕಬಹುದು ಸರ್. ಆಮೇಲೆ ಅಧ್ಯಕ್ಷರು ನೂರು ಕೇಳ್ತಾರೆ. ಅದ್ರಲ್ಲಿ ನೂರಿಲ್ಲ."

ಕಾರ್ಯದರ್ಶಿಗಳು ನಕ್ಕರು. ನಕ್ಕು, ಅದೇ ನಗೆಯಲ್ಲಿ, "ನಿಮ್ಮಪ್ಪ ನಮ್ಮ ಗದ್ದೆಗೆ ನೀರು ಬಿಡ್ತಿದ್ದ ಕಣಮ್ಮ," ಎಂದರು.

"ಹೌದು ಸರ್. ಸರದಿ ಬಂದಾಗ."

ನಾನು ಕಡತದಲ್ಲಿ ಏನನ್ನೋ ಹುಡುಕತೊಡಗಿದೆ. ಅದರಲ್ಲಿ ಏನೂ ಇರಲಿಲ್ಲ.

ಮಾತು ಅಲ್ಲಿಗೆ ನಿಂತಿತು. ಆದರೆ ಆ ವರ್ಷದ ಪರೀಕ್ಷೆಗಳ ಮುನ್ನಾದಿನ ಅದು ಮತ್ತೆ ಎದ್ದಿತು. ಗೌರಿಬಿದನೂರು ಕಾಲೇಜಿನ ಹಳೆಯ ಯಂತ್ರವನ್ನು ಮೇಡಂ ಬಿಚ್ಚಿಸಿದ್ದರು. ಹೊಸದು ಎಲ್ಲೋ ದಾರಿಯಲ್ಲಿ ಲಾರಿಯಲ್ಲಿತ್ತು. ಅಂಥ ದಿನವೇ, ಮಾಮೂಲಿನಂತೆ ಎಲ್ಲ ಗಡುವೂ ಮುಗಿದ ಮೇಲೆ, ವಿಶ್ವವಿದ್ಯಾಲಯದ ಹಾಲ್ ಟಿಕೆಟ್‌ಗಳು ಬಂದವು. ಗೌರಿಬಿದನೂರಿನ ಅಷ್ಟೂ ಮಕ್ಕಳ ಹಾಲ್ ಟಿಕೆಟ್‌ಗಳನ್ನು ಬಣ್ಣದ ಫೋಟೊ ಸಮೇತ ಹಿರಿಕೆರೆಯಲ್ಲೇ ಮುದ್ರಿಸಿ, ಕಾಲೇಜಿನ ವ್ಯಾನಿನಲ್ಲಿ ಮಂಚೇನಹಳ್ಳಿ ಮೇಲೆ ಕಳಿಸಬೇಕು. ಅಲ್ಲಿ ಪ್ರಾಂಶುಪಾಲರು ಸಹಿ ಹಾಕಿ, ಸೀಲು ಒತ್ತಿ, ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಹೊರಡುವ ಮುಂಚೆ ಮಕ್ಕಳ ಕೈಗೆ ಕೊಡಬೇಕು. ಮರುದಿನ ಬೆಳಗ್ಗೆ ಪರೀಕ್ಷೆ. ಮೇಡಂ ಬೆಳಗ್ಗೆಯೇ ಅದನ್ನು ಸಾಲಿಗೆ ಬಿಟ್ಟಿದ್ದರು.

ಅದೇ ದಿನ ಸಂಜೆ ಕಾರ್ಯದರ್ಶಿಗಳಿಗೆ ಪುರಭವನದಲ್ಲಿ ಸನ್ಮಾನ. ಅದಕ್ಕಾಗಿ ಅವರ ಜೀವನಸಾಧನೆಯ ಪುಸ್ತಿಕೆಯೊಂದು ತಯಾರಾಗಿತ್ತು. ಪ್ರತಿ ಪುಟದಲ್ಲೂ ಅವರ ಬಣ್ಣದ ಚಿತ್ರ: ಗಿಡ ನೆಡುತ್ತಿರುವುದು, ದೀಪ ಹಚ್ಚುತ್ತಿರುವುದು, ಯಾರೋ ನೆಟ್ಟ ಗಿಡವನ್ನು ನೋಡುತ್ತಿರುವುದು. ಮಧ್ಯಾಹ್ನದ ಹೊತ್ತಿಗೆ ಅವರ ಟೈಪಿಸ್ಟ್ ಅದನ್ನು ಸಭೆಗೆ ಬರುವವರಿಗೆಲ್ಲ ಸಾಲುವಷ್ಟು ಪ್ರತಿಗಳಿಗೆ ಪ್ರಿಂಟ್ ಕೊಟ್ಟ. ಅದು ಹಾಲ್ ಟಿಕೆಟ್‌ಗಳ ಹಿಂದೆ ನಿಂತಿತು.

ಕಾರ್ಯದರ್ಶಿಗಳು ತಾವೇ ಸರ್ವರ್ ಕೋಣೆಗೆ ಬಂದರು. ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು. ಕೂರಲು ಇದ್ದ ಒಂದೇ ಕುರ್ಚಿಯಲ್ಲಿ ನಾನಿದ್ದೆ. ಎದ್ದೆ. ಅವರು ಕೂರಲಿಲ್ಲ.

"ನಂದು ಎಲ್ಲೈತೆ?"

ಮೇಡಂ ಪರದೆ ತೋರಿಸಿದರು. "ಇಲ್ಲೈತೆ ಸರ್. ಗೌರಿಬಿದನೂರಿಂದು ಮುಗಿದ ತಕ್ಷಣ."

"ಮುಂದಕ್ಕೆ ಹಾಕು."

"ಆಗಲ್ಲ ಸರ್. ನಿಮ್ಮದು ಇಳಿಯೋಕೆ ಸುಮಾರು ಹೊತ್ತು ಬೇಕು. ಅಷ್ಟರಲ್ಲಿ ಹಳ್ಳಿ ಹುಡುಗರ ಬಸ್ಸು ಹೋಗಿರುತ್ತೆ. ನಾಳೆ ಅವರನ್ನ ಒಳಗೆ ಬಿಡಲ್ಲ. ನಿಮ್ಮ ಸಭೆಗೆ ಇದು ಸ್ವಲ್ಪ ತಡವಾಗಿ ಬಂದ್ರೂ ಬರುತ್ತೆ."

"ನಿನ್ನ ಕಾಂಟ್ರಾಕ್ಟು ಈ ತಿಂಗಳಿಗೆ ಮುಗಿಯುತ್ತೆ. ಗೊತ್ತಾ?"

"ಗೊತ್ತು ಸರ್."

"ನವೀಕರಣದ ಕಡತ ನನ್ನ ಮೇಜಿನ ಮೇಲೈತೆ."

"ಗೊತ್ತು ಸರ್."

ಅವರು ಹೋದರು. ಮೇಡಂಗೆ ಆ ಕೆಲಸ ಎಷ್ಟು ಬೇಕಾಗಿತ್ತು ಎಂದು ನನಗೆ ತಿಳಿದಿತ್ತು. ಮಗಳು ನರ್ಸಿಂಗ್ ಓದುತ್ತಿದ್ದಳು. ತಾಯಿ ಇವರ ಜೊತೆಗೇ ಇದ್ದರು. ಐವತ್ತು ದಾಟಿದವರನ್ನು ಈ ಕೆಲಸಕ್ಕೆ ಕರೆದು ಮಣೆ ಹಾಕುವವರು ನಮ್ಮ ಜಿಲ್ಲೆಯಲ್ಲಿ ಬೇರೆ ಇರಲಿಲ್ಲ. ಇದನ್ನೆಲ್ಲ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಪರದೆಯ ಮೇಲೆ, ಸಾಲಿನ ಕೊನೆಯಲ್ಲಿ, ಹೊಸದೊಂದು ಬಂದು ನಿಂತಿತು. ಟೈಪಿಸ್ಟ್ ಕಡತಗಳಿಗೆ ಹೆಸರಿಡುವುದರಲ್ಲಿ ಬಹಳ ಪ್ರಾಮಾಣಿಕ. ಅದರ ಹೆಸರು 'ಮೇಡಂ ನವೀಕರಣ ಇಲ್ಲ' ಎಂದಿತ್ತು. ಒಂದೇ ಪುಟ.

ಮೇಡಂ ಅದನ್ನು ಓದಿದರು. ನಾನೂ ಓದಿದೆ. ಹಿರಿಕೆರೆ ಒಂದೊಂದೇ ಹಾಲ್ ಟಿಕೆಟ್ ಇಳಿಸುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು.

"ತೆಗೆದುಬಿಡಮ್ಮ," ಎಂದೆ. "ಒಂದು ಗುಂಡಿ ಒತ್ತಿದ್ರೆ ಹೋಗುತ್ತಲ್ಲ. ಎಲ್ಲೋ ತಪ್ಪೋಯ್ತು ಅಂದ್ರಾಯ್ತು. ಮತ್ತೆ ಟೈಪ್ ಮಾಡಿಸೋ ಹೊತ್ತಿಗೆ ಅವರ ಕೋಪ ಇಳಿದಿರುತ್ತೆ."

"ಹೋಗುತ್ತೆ ಸರ್."

"ಮತ್ತೆ?"

"ಅದೂ ಸಾಲಲ್ಲಿ ನಿಂತೈತಲ್ಲ ಸರ್." ಇಷ್ಟು ಹೇಳಿ ಎದ್ದು, ಹಾಳೆ ತುಂಬಿಸುವ ಹೊತ್ತಾಯಿತೆಂದು ಹಿರಿಕೆರೆಯ ಕಡೆ ಹೊರಟರು.

ನಾನು ಪರದೆಯ ಮುಂದೆ ಒಬ್ಬನೇ ಉಳಿದೆ. ಅಳಿಸುವ ಗುಂಡಿ ಯಾವುದೆಂದು ನನಗೂ ಗೊತ್ತಿತ್ತು. ಆದರೆ ಅವರು ಬಾಗಿಲು ತೆರೆದಿಟ್ಟು, ಕಂಪ್ಯೂಟರಿಗೆ ಬೀಗ ಹಾಕದೆ, ಹಿಂತಿರುಗಿ ನೋಡದೆ ಹೋಗಿದ್ದರು. ಅದರ ಮುಂದೆ ಕೈಚಾಚುವುದು ನನ್ನಿಂದಾಗಲಿಲ್ಲ. ನಾನೂ ಎದ್ದು ಅವರ ಹಿಂದೆ ಹೋದೆ.

ಹಿರಿಕೆರೆಯ ಮುಂದೆ ಮೇಡಂ ಹಾಳೆ ತುಂಬಿಸುತ್ತಿದ್ದರು. ಕಾರ್ಯದರ್ಶಿಗಳು ತಮ್ಮ ಕೋಣೆಯಿಂದ ಹೊರಬಂದು ನಮ್ಮನ್ನು ದಾಟಿ ನೇರವಾಗಿ ಸರ್ವರ್ ಕೋಣೆಗೆ ಹೋದರು. ಯಾಕೆ ಹೋದರೆಂಬುದು ಅರ್ಥವಾಗದಷ್ಟು ದಡ್ಡ ನಾನಲ್ಲ. ಪತ್ರ ಸಾಲಿನಲ್ಲಿ ಇದೆಯೋ ಇಲ್ಲವೋ ನೋಡಲು ಹೋಗಿದ್ದರು. ಇಲ್ಲದಿದ್ದರೆ ಮುಂದಿನ ಮಾತೆಲ್ಲ ಸುಲಭವಾಗಿರುತ್ತಿತ್ತು. ಸರದಿ, ನ್ಯಾಯ ಎಂದು ಹೇಳುವವಳು ತನ್ನ ತಲೆಗೆ ಬಂದಾಗ ಏನು ಮಾಡಿದಳು ನೋಡಿ ಎಂದು ಎಲ್ಲರಿಗೂ ತೋರಿಸಬಹುದಾಗಿತ್ತು.

ಬಹಳ ಹೊತ್ತು ಬರಲಿಲ್ಲ. ಬಂದವರು ಕೋಣೆಗೆ ಹೋಗದೆ ಹಿರಿಕೆರೆಯ ಪಕ್ಕದಲ್ಲಿ ಬಂದು ನಿಂತರು. ಯಂತ್ರದಿಂದ ಮಕ್ಕಳ ಮುಖಗಳು ಒಂದೊಂದಾಗಿ ಇಳಿಯುತ್ತಿದ್ದವು: ಎಣ್ಣೆ ಹಚ್ಚಿ ಬಾಚಿದ ತಲೆಗಳು, ಸ್ಟುಡಿಯೋದವನ ಕೋಟು ಹಾಕಿಕೊಂಡ ಹುಡುಗರು, ಕಣ್ಣು ಮುಚ್ಚಿದ್ದಾಗಲೇ ಫೋಟೊ ತೆಗೆಸಿಕೊಂಡ ಒಬ್ಬಳು. ಅದನ್ನು ನೋಡುತ್ತ ಅವರು ಮೇಡಂಗೆ ಹೇಳಿದರು, ನನಗೆ ಕೇಳಿಸಲೆಂದೇನಲ್ಲ.

"ಕೆರೆ ಬತ್ತಿದ ವರ್ಷ, ನಿಮ್ಮಪ್ಪ ಕಳ್ಳತನದಲ್ಲಿ ತನ್ನ ಗದ್ದೆಗೆ ನೀರು ಬಿಟ್ಕೊಂಡಿರ್ತಾನೆ, ಹಿಡಿದುಹಾಕ್ತೀನಿ ಅಂತ ನಮ್ಮಪ್ಪ ಕಡೆ ಗದ್ದೆವರೆಗೂ ನಡ್ಕೊಂಡು ಹೋಗಿದ್ದ."

ಮೇಡಂ ಹಾಳೆಯ ಕಟ್ಟನ್ನು ಸರಿಮಾಡುತ್ತಿದ್ದ ಕೈ ನಿಲ್ಲಿಸಿದರು. "ನಮಗೆ ಗೊತ್ತಿರಲಿಲ್ಲ ಸರ್."

"ಯಾರಿಗೂ ಹೇಳಿಲ್ಲ. ವಾಪಸ್ ಬಂದು ಕೈಕಾಲು ತೊಳೆದು ಉಂಡು ಮಲಗಿದ. ನಿಮ್ಮ ಗದ್ದೆ ಒಣಗಿ ಬಿರುಕು ಬಿಟ್ಟಿತ್ತು."

ಮೇಡಂ ಮತ್ತೆ ಹಾಳೆಯ ಕಟ್ಟನ್ನು ಸರಿಮಾಡತೊಡಗಿದರು. ಹಾಲ್ ಟಿಕೆಟ್‌ಗಳು ಮುಗಿದವು. ಅಟೆಂಡರ್ ಕಟ್ಟು ಕಟ್ಟಿ ಕೆಳಗೆ ಓಡಿದ, ವ್ಯಾನು ಹೊರಟಿತು. ಆಮೇಲೆ ಪುಸ್ತಿಕೆ ಶುರುವಾಯಿತು. ಕಾರ್ಯದರ್ಶಿಗಳು ಗಿಡ ನೆಟ್ಟರು, ದೀಪ ಹಚ್ಚಿದರು, ಮತ್ತೆ ಗಿಡ ನೆಟ್ಟರು. ತಮ್ಮದೇ ಮುಖ ಅಷ್ಟೊಂದು ಸಲ ಎದುರಿಗೆ ಇಳಿದು ಬರುವುದನ್ನು ಅವರು ನಿಂತೇ ನೋಡಿದರು. ಅವರ ಪತ್ರ ಅವರ ಪುಸ್ತಿಕೆಯ ಹಿಂದೆಯೇ ಇದ್ದುದರಿಂದ ಬೇರೆ ದಾರಿಯಿರಲಿಲ್ಲ. ಸಂಸ್ಥೆಯ ಚರಿತ್ರೆಯಲ್ಲಿ ಕಾರ್ಯದರ್ಶಿಗಳೊಬ್ಬರು ಸಾಲಿನಲ್ಲಿ ನಿಂತದ್ದು ಅದೊಂದೇ ಸಲವೆಂದು ನನ್ನ ತಿಳಿವಳಿಕೆ. ಪುರಭವನದಿಂದ ಎರಡು ಸಲ ಫೋನ್ ಬಂತು. ಬರ್ತೀನಿ ಇರಪ್ಪ ಎಂದರು.

ಕೊನೆಯಲ್ಲಿ ಒಂದು ಹಾಳೆ ಬಂತು. ಮೇಡಂ ಅದನ್ನು ತೆಗೆದುಕೊಂಡು, ಶಾಯಿ ಹರಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ, ಒಂದು ಫೋಲ್ಡರಿನಲ್ಲಿಟ್ಟು ಕೊಟ್ಟರು. ತನ್ನ ಕೆಲಸ ಹೋಗುವ ಪತ್ರದ ಅಚ್ಚು ಚೆನ್ನಾಗಿ ಬಂದಿದೆಯೇ ಎಂದು ಪರೀಕ್ಷಿಸಿದ ಇನ್ನೊಬ್ಬರನ್ನು ನಾನು ನೋಡಿಲ್ಲ, ನೋಡುವ ನಿರೀಕ್ಷೆಯೂ ಇಲ್ಲ. ನಾನು ಬಹಳ ದೊಡ್ಡವರೆನ್ನಿಸಿಕೊಂಡವರ ಭಾಷಣಗಳನ್ನು ಕೇಳಿದ್ದೇನೆ, ಅವರಿಗೆ ಹಾರ ಹಾಕಲು ವೇದಿಕೆ ಹತ್ತಿದ್ದೇನೆ. ನೆಟ್ಟಗೆ ನಿಲ್ಲಬೇಕೆಂದು ನನ್ನ ಬೆನ್ನಿಗೆ ತಾನಾಗಿ ಅನ್ನಿಸಿದ್ದು ಆ ಹೊತ್ತಿನಲ್ಲಿ, ಆ ಪ್ರಿಂಟರಿನ ಮುಂದೆ.

ಕಾರ್ಯದರ್ಶಿಗಳು ಫೋಲ್ಡರ್ ತೆಗೆದುಕೊಂಡರು. "ಸಭೆಗೆ ಬಾರಮ್ಮ ನೀನೂ," ಎಂದರು.

"ಗೌರಿಬಿದನೂರಿಗೆ ಹೊಸ ಯಂತ್ರ ಬಂದಿರುತ್ತೆ ಸರ್. ಜೋಡಿಸಿ ಬರ್ತೀನಿ," ಎಂದು ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ಹೊರಟರು.

ಗೌರಿಬಿದನೂರಿನ ಮಕ್ಕಳೆಲ್ಲ ಮರುದಿನ ಪರೀಕ್ಷೆ ಬರೆದರು. ಆ ಪತ್ರಕ್ಕೆ ಸಹಿ ಬೀಳಲಿಲ್ಲ. ಮೇಡಂ ಅವರ ಒಪ್ಪಂದ ಅಲ್ಲಿಂದಾಚೆಗೆ ಪ್ರತಿ ವರ್ಷವೂ ನವೀಕರಣವಾಯಿತು. ಕಳೆದ ತಿಂಗಳು, ವಯಸ್ಸಾಯಿತು ಸಾಕು ಎಂದು, ಅವರೇ ಬೇಡವೆಂದರು. ಸರ್ವರಿನಲ್ಲಿ ಕಾರ್ಯದರ್ಶಿಗಳ ಅಂಕ ಇವತ್ತಿಗೂ ಒಂದು.